ಹೊಸ ಚಿಕಿತ್ಸೆಗೆ ಹಣ: ಯಾವುದನ್ನು ಕಡಿತ ಮಾಡಿ?

ಕೇಳುಗರಿಗೆ ನಮಸ್ಕಾರ.

ಹೊಸ ಔಷಧವೋ ಯಂತ್ರವೋ ಬಂದಾಗ ಎಲ್ಲರೂ ಕೇಳುವುದು, 'ಇದರಿಂದ ಗುಣ ಕಾಣುತ್ತದೆಯೇ?' ಎಂದು. ಸಾರ್ವಜನಿಕ ಆರೋಗ್ಯ ಸೇವೆಯ ಹಣ ಹಂಚುವವರಿಗೆ ಅಷ್ಟು ಕೇಳಿದರೆ ಸಾಲದು. ವರ್ಷದ ಬಜೆಟ್ ಮೊದಲೇ ನಿಗದಿಯಾಗಿರುತ್ತದೆ. ಹೊಸದಕ್ಕೆ ಕೊಟ್ಟದ್ದು ಇನ್ನೆಲ್ಲಿಂದಲೋ ಕಿತ್ತು ತಂದದ್ದೇ. ಹೊಸ ಚಿಕಿತ್ಸೆ ಪಡೆದ ರೋಗಿ ಯಾರೆಂದು ಎಲ್ಲರಿಗೂ ಗೊತ್ತು. ಭರ್ತಿಯಾಗದೆ ಉಳಿದ ನರ್ಸ್ ಹುದ್ದೆಯಿಂದ ನರಳಿದವರು ಯಾರೆಂದು ಯಾವ ಕಡತದಲ್ಲೂ ಬರೆದಿರುವುದಿಲ್ಲ.

ಲೆಕ್ಕ ಶುರುವಾಗುವುದು ಹೋಲಿಕೆಯಿಂದ. ಹೊಸದನ್ನು ಈಗ ನಿಜವಾಗಿ ಬಳಕೆಯಲ್ಲಿರುವ ಚಿಕಿತ್ಸೆಯ ಜೊತೆ ತೂಗಬೇಕು. ಔಷಧವೇ ಇಲ್ಲದ ಹುಸಿ ಮಾತ್ರೆಯ ಪಕ್ಕ ಇಟ್ಟರೆ ಬಹಳಷ್ಟು ಔಷಧಗಳು ಚೆನ್ನಾಗಿಯೇ ಕಾಣುತ್ತವೆ. ಫಲವನ್ನು ಅಳೆಯಲು ತಜ್ಞರು 'ಕ್ವಾಲಿ' ಎಂಬ ಮಾನ ಬಳಸುತ್ತಾರೆ. ಪೂರ್ಣ ಆರೋಗ್ಯದ ಒಂದು ವರ್ಷ ಎಂದರೆ 1 ಕ್ವಾಲಿ. ಅರ್ಧ ಆರೋಗ್ಯದಲ್ಲಿ ಕಳೆದ ನಾಲ್ಕು ವರ್ಷ ಎಂದರೆ 2.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹಳೆಯ ಚಿಕಿತ್ಸೆಗೆ ರೋಗಿಯೊಬ್ಬರಿಗೆ ತಗಲುವ ಖರ್ಚು 40,000 ರೂಪಾಯಿ, ಫಲ 2 ಕ್ವಾಲಿ. ಹೊಸದರ ಖರ್ಚು 1,00,000, ಫಲ 2.3. ಮಾರುವವರು ಲಕ್ಷವನ್ನು 2.3ರಿಂದ ಭಾಗಿಸಿ, ಕ್ವಾಲಿಗೆ ಸುಮಾರು 43,500 ಮಾತ್ರ ಎಂದು ತೋರಿಸಬಹುದು. ಆದರೆ ಮೊದಲ ಎರಡು ಕ್ವಾಲಿ ಹಳೆಯದರಲ್ಲೇ ಸಿಗುತ್ತಿತ್ತಲ್ಲ! ಹೆಚ್ಚುವರಿ ಖರ್ಚು 60,000, ಹೆಚ್ಚುವರಿ ಫಲ 0.3. ಹಾಗಾದರೆ ಒಂದು ಕ್ವಾಲಿಗೆ ಬೀಳುವುದು ಎರಡು ಲಕ್ಷ. ಕಡತ ಕೈಗೆ ಬಂದಾಗ ಮೊದಲು ಹುಡುಕಬೇಕಾದದ್ದು ಈ ವ್ಯತ್ಯಾಸವನ್ನೇ.

ಎರಡು ಲಕ್ಷ ದುಬಾರಿಯೇ, ಅಗ್ಗವೇ? ಅದನ್ನು ಹೇಳಲು ಒಂದು ಮಿತಿ ಬೇಕು. ಇಂಗ್ಲೆಂಡಿನಲ್ಲಿ ಯಾವ ಚಿಕಿತ್ಸೆಗೆ ಸಾರ್ವಜನಿಕ ಹಣ ಕೊಡಬೇಕೆಂದು ಹೇಳುವ, 1999ರಲ್ಲಿ ಶುರುವಾದ 'ನೈಸ್' ಸಂಸ್ಥೆ ಬಹುಕಾಲ ಒಂದು ಕ್ವಾಲಿಗೆ 20,000ದಿಂದ 30,000 ಪೌಂಡ್ ಎಂಬ ಮಿತಿ ಇಟ್ಟುಕೊಂಡಿತ್ತು. ಅದೇ ದೇಶದ ಆರೋಗ್ಯ ಸೇವೆ ತನ್ನ ಮಾಮೂಲಿ ಖರ್ಚಿನಲ್ಲಿ ಸುಮಾರು 13,000 ಪೌಂಡಿಗೆ ಒಂದು ಕ್ವಾಲಿ ಗಳಿಸುತ್ತಿದೆ ಎಂದು ಯಾರ್ಕ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು 2015ರಲ್ಲಿ ಅಂದಾಜು ಮಾಡಿದರು. ಈ ಅಂದಾಜು ಸರಿಯಿದ್ದರೆ, 30,000 ಕೊಟ್ಟು ಇಲ್ಲಿ ಒಂದು ಕ್ವಾಲಿ ಗಳಿಸಿದಾಗ ಬೇರೆಲ್ಲೋ ಎರಡಕ್ಕಿಂತ ಹೆಚ್ಚು ಕಳೆದುಕೊಂಡಿರುತ್ತೇವೆ. ಮಿತಿಯನ್ನು ಉದಾರವಾಗಿ ಏರಿಸುವುದು ಕರುಣೆಯಂತೆ ಕಾಣುತ್ತದೆ, ಲೆಕ್ಕದಲ್ಲಿ ಅದು ಹಾಗಿಲ್ಲ.

ಹಾಗೆಂದು ಸೂತ್ರವೊಂದನ್ನೇ ನಂಬಿ ಕೂರುವಂತೆಯೂ ಇಲ್ಲ. ಅಮೆರಿಕದ ಒರೆಗಾನ್ ರಾಜ್ಯ 1990ರಲ್ಲಿ ಖರ್ಚು–ಫಲದ ಲೆಕ್ಕ ಹಾಕಿ ಚಿಕಿತ್ಸೆಗಳ ಉದ್ದನೆಯ ಪಟ್ಟಿ ಮಾಡಿತು. ಅದರಲ್ಲಿ ಹಲ್ಲಿಗೆ ಕ್ಯಾಪ್ ಹಾಕುವುದು ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆಗಿಂತ ಮೇಲಿತ್ತು! ಹಲ್ಲಿನ ಕೆಲಸ ಅಗ್ಗ, ಹಾಗಾಗಿ ಅನುಪಾತದಲ್ಲಿ ಅದು ಗೆದ್ದಿತು. ಪ್ರಾಣ ಉಳಿಸುವುದಕ್ಕೆ ಜನ ಕೊಡುವ ತೂಕ ಸೂತ್ರದೊಳಗೆ ಇರಲೇ ಇಲ್ಲ. ಜನ ರೊಚ್ಚಿಗೆದ್ದರು, ಪಟ್ಟಿಯನ್ನು ಮತ್ತೆ ಬರೆಯಬೇಕಾಯಿತು. ನೈಸ್ 2022ರಿಂದ ಕಾಯಿಲೆ ತೀವ್ರವಾಗಿದ್ದರೆ ಕ್ವಾಲಿಯನ್ನು 1.2 ಅಥವಾ 1.7ರಿಂದ ಗುಣಿಸುತ್ತದೆ. ಇದಕ್ಕೂ ತಕರಾರು ಇಲ್ಲದಿಲ್ಲ. ಆದರೂ ಎಷ್ಟು ತೀವ್ರತೆಗೆ ಎಷ್ಟು ತೂಕ ಎಂಬುದು ಮೊದಲೇ ಲಿಖಿತವಾಗಿರುತ್ತದೆ, ಒತ್ತಡ ಬಂದಾಗ ಹುಟ್ಟುವುದಿಲ್ಲ.

ಇನ್ನು ಯಂತ್ರಗಳ ವಿಷಯ. ಇಲ್ಲಿ ಎಡವುವುದು ಹೆಚ್ಚು, ಯಾಕೆಂದರೆ ಟೆಂಡರಿನಲ್ಲಿ ಕಾಣುವುದು ಕೊಳ್ಳುವ ಬೆಲೆಯೊಂದೇ. ಕ್ಷಯ ಪತ್ತೆಗೆ ಬಳಸುವ ಜೀನ್‌ಎಕ್ಸ್‌ಪರ್ಟ್ ಯಂತ್ರವನ್ನೇ ನೋಡಿ. ಪ್ರತಿ ಪರೀಕ್ಷೆಗೂ ಒಂದು ಕಾರ್ಟ್ರಿಜ್, ಅಂದರೆ ಮಾದರಿ ಹಾಕುವ, ಒಮ್ಮೆ ಮಾತ್ರ ಬಳಸುವ ಪುಟ್ಟ ಡಬ್ಬಿ ಬೇಕು, ಅದನ್ನು 2ರಿಂದ 28 ಡಿಗ್ರಿಯೊಳಗೆ ಇಡಬೇಕು. ಯಂತ್ರವಿರುವ ಕೋಣೆ 30 ಡಿಗ್ರಿ ದಾಟಬಾರದು, ಅಂದರೆ ಬಹಳ ಕಡೆ ಎ.ಸಿ. ಬೇಕೇ ಬೇಕು. ಪರೀಕ್ಷೆಯ ನಡುವೆ ಕರೆಂಟ್ ಹೋದರೆ ಕಾರ್ಟ್ರಿಜ್ ದಂಡ, ಆದ್ದರಿಂದ ಯುಪಿಎಸ್. ಕಾಲಕಾಲಕ್ಕೆ ಕ್ಯಾಲಿಬ್ರೇಶನ್, ಅಂದರೆ ಯಂತ್ರದ ಅಳತೆ ಸರಿಯಿದೆಯೇ ಎಂಬ ತಪಾಸಣೆ. ಇವುಗಳಲ್ಲಿ ಒಂದಕ್ಕೆ ಬಜೆಟ್ಟಿನಲ್ಲಿ ಸಾಲು ಇಲ್ಲದಿದ್ದರೂ ಯಂತ್ರ ಹೊದಿಕೆ ಹೊದ್ದು ಮೂಲೆ ಸೇರುತ್ತದೆ. ಪುಕ್ಕಟೆ ದಾನವಾಗಿ ಬಂದ ಯಂತ್ರಗಳ ಪಾಡಂತೂ ಬಹಳ ಸಲ ಇದೇ.

ಎಲ್ಲವೂ ಸರಿಯಿದ್ದರೂ ಫಲ ಬರುತ್ತದೆ ಎನ್ನುವಂತಿಲ್ಲ. ದಕ್ಷಿಣ ಆಫ್ರಿಕಾ 2011ರಿಂದ ಇದೇ ಪರೀಕ್ಷೆಯನ್ನು ದೇಶದಾದ್ಯಂತ ತಂದಿತು. ಸೂಕ್ಷ್ಮದರ್ಶಕದ ಹಳೆಯ ಪದ್ಧತಿಗಿಂತ ಇದು ಹೆಚ್ಚು ನಿಖರ, ಅನುಮಾನವಿಲ್ಲ. ಆದರೆ ಅಲ್ಲಿ ನಡೆದ ದೊಡ್ಡ ಪ್ರಯೋಗವೊಂದರಲ್ಲಿ ಹೊಸ ಪರೀಕ್ಷೆಯ ಗುಂಪು ಮತ್ತು ಹಳೆಯ ಪದ್ಧತಿಯ ಗುಂಪುಗಳ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪರೀಕ್ಷೆ ರೋಗವನ್ನು ಹೆಸರಿಸುತ್ತದೆ, ಅಷ್ಟೇ. ವರದಿ ಹೊತ್ತಿಗೆ ಸರಿಯಾಗಿ ಬರಬೇಕು, ರೋಗಿ ಮರಳಿ ಬರಬೇಕು, ಔಷಧ ಶುರುವಾಗಬೇಕು. ಆದ್ದರಿಂದ ರೋಗಪತ್ತೆಯ ತಂತ್ರಜ್ಞಾನಕ್ಕೆ ಹಣ ಕೇಳಿದವರನ್ನು, 'ಫಲಿತಾಂಶ ಬಂದ ಮೇಲೆ ಎಷ್ಟು ದಿನಕ್ಕೆ ಚಿಕಿತ್ಸೆ ಶುರು?' ಎಂದು ಕೇಳಬೇಕು.

ಅನುಪಾತ ಚೆನ್ನಾಗಿದ್ದರೂ ಬಜೆಟ್ ಮುಳುಗಬಹುದು. ನಮ್ಮ ಉದಾಹರಣೆಯಲ್ಲಿ ವರ್ಷಕ್ಕೆ ಐದು ಸಾವಿರ ರೋಗಿಗಳು ಹೊಸ ಚಿಕಿತ್ಸೆ ಪಡೆದರೆ ಹೆಚ್ಚುವರಿ 30 ಕೋಟಿ. ಚಿಕಿತ್ಸೆ ಸುಲಭವಾದಷ್ಟೂ ಕೇಳಿಕೊಂಡು ಬರುವವರು ಹೆಚ್ಚುತ್ತಾರೆ, ಹಾಗಾಗಿ ಈಗಿನ ರೋಗಿಗಳ ಸಂಖ್ಯೆಯನ್ನಷ್ಟೇ ಗುಣಿಸಿದ ಅಂದಾಜು ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಮೊದಲ ಮೂರು ವರ್ಷಗಳ ಖರ್ಚನ್ನು ವರ್ಷವಾರು ಬರೆಸಿಕೊಳ್ಳುವುದು ಒಳ್ಳೆಯದು.

ಪುರಾವೆ ಅರೆಬರೆ ಇದ್ದಾಗ, ಉದಾಹರಣೆಗೆ ಗೆಡ್ಡೆ ಕುಗ್ಗಿದೆ ಆದರೆ ಆಯಸ್ಸು ಹೆಚ್ಚಿತೇ ತಿಳಿದಿಲ್ಲ ಎನ್ನುವಾಗ, ಷರತ್ತಿನ ಮೇಲೆ ಹಣ ಕೊಡುವ ದಾರಿಯಿದೆ. ಒಪ್ಪಂದದಲ್ಲಿ ನಾಲ್ಕು ಸಂಗತಿ ಇರಲೇಬೇಕು: ಯಾವ ಮಾಹಿತಿ ಸಂಗ್ರಹಿಸಬೇಕು, ಅದರ ಖರ್ಚು ಯಾರದು, ಯಾವ ದಿನಾಂಕಕ್ಕೆ ಮರುಪರಿಶೀಲನೆ, ಫಲ ಕಾಣದಿದ್ದರೆ ಹಣ ನಿಲ್ಲುವುದು ಹೇಗೆ. ಕೊನೆಯದನ್ನು ಬಿಟ್ಟೇ ಸಹಿ ಹಾಕುವುದು ವಾಡಿಕೆ. ಒಮ್ಮೆ ಕೊಡಲು ಶುರು ಮಾಡಿದ ಚಿಕಿತ್ಸೆಯನ್ನು ಹಿಂತೆಗೆದುಕೊಳ್ಳುವುದು ಕೊಡದೇ ಇರುವುದಕ್ಕಿಂತ ಎಷ್ಟೋ ಕಷ್ಟ. ಅದಕ್ಕೇ ನಿಲ್ಲಿಸುವ ಷರತ್ತನ್ನು, ಮತ್ತು ಈಗಾಗಲೇ ಆ ಚಿಕಿತ್ಸೆಯಲ್ಲಿರುವ ರೋಗಿಗಳಿಗೆ ಅದನ್ನು ಯಾರ ಖರ್ಚಿನಲ್ಲಿ ಮುಂದುವರಿಸಬೇಕು ಎಂಬುದನ್ನು, ಮೊದಲ ದಿನವೇ ಬರೆಸಿಕೊಳ್ಳಬೇಕು.

ನಮಸ್ಕಾರ.