ಗೋಡೆಯೊಳಗೆ ನಿಂತ ಕಂಬಗಳು

ನಮಸ್ಕಾರ. ಇವತ್ತು ಒಂದು ಗೋಡೆಯ ಬಗ್ಗೆ ಮಾತಾಡಬೇಕು ಅಂತ ಕೂತಿದ್ದೇನೆ.

ಇಟಲಿಯ ಸಿಸಿಲಿ ದ್ವೀಪದಲ್ಲಿ ಸಿರಾಕ್ಯೂಸ್ ಅಂತ ಒಂದು ಊರಿದೆ. ಆರ್ಕಿಮಿಡೀಸ್ ಹುಟ್ಟಿದ ಊರು. ಹಳೇ ಊರಿನ ಮಧ್ಯೆ ಅದರ ಕೆಥೆಡ್ರಲ್ ಇದೆ. ಬಂದವರೆಲ್ಲ ಎದುರಿನ ಚೌಕದಲ್ಲಿ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ತೆಗೆಯಬೇಕಾದ್ದೇ, ಮುಂಭಾಗ ಅಷ್ಟು ಚೆಂದ ಇದೆ. ಆದರೆ ನೀವು ಅಲ್ಲಿಗೆ ಹೋದರೆ ದಯವಿಟ್ಟು ಪಕ್ಕದ ಬೀದಿಗೂ ತಿರುಗಿ. ಅದರ ಹೆಸರು ಮಿನರ್ವ ಬೀದಿ.

ಅಲ್ಲಿ ಚರ್ಚಿನ ಗೋಡೆಯಿಂದ ದಪ್ಪ ದಪ್ಪ ಕಂಬಗಳು ಅರ್ಧ ಮೈ ಹೊರಗೆ ಹಾಕಿ ನಿಂತಿವೆ. ಬುಡದಲ್ಲಿ ಒಂದೊಂದೂ ಸುಮಾರು 2 ಮೀಟರ್ ದಪ್ಪ. ಮೈಮೇಲೆ ಮೇಲಿಂದ ಕೆಳಗಿನವರೆಗೆ ಕೊರೆದ ಗೀರುಗಳು. ತಲೆಯ ಮೇಲೆ ಬೋಗುಣಿಗೆ ಮಣೆ ಇಟ್ಟಂಥ ಕಲ್ಲು. ಒಂದು ಕಂಬ, ಆಮೇಲೆ ಗೋಡೆ, ಮತ್ತೆ ಕಂಬ, ಮತ್ತೆ ಗೋಡೆ. ಕೆಲವು ಕಂಬಗಳು ನೆಟ್ಟಗೂ ಇಲ್ಲ, ಹೊರಕ್ಕೆ ವಾಲಿವೆ. ಅದು ಭೂಕಂಪ ಮಾಡಿದ ಕೆಲಸ.

ಈ ಕಂಬಗಳು ಅಥೀನಾ ದೇವಿಯ ಗುಡಿಯವು. ಕ್ರಿಸ್ತಪೂರ್ವ 480ರಲ್ಲಿ ಹಿಮೇರಾ ಯುದ್ಧ ಗೆದ್ದ ಮೇಲೆ ಇಲ್ಲಿನ ಗ್ರೀಕ್ ದೊರೆ ಗೆಲೋನ್ ಕಟ್ಟಿಸಿದ ಗುಡಿ. ಇದೇ ದೇವಿಗೆ ರೋಮನ್ನರು ಮಿನರ್ವ ಅಂದರು. ಬೀದಿಗೆ ಆ ಹೆಸರು ಬಂದದ್ದು ಹಾಗೆ.

ಸುಮಾರು 7ನೇ ಶತಮಾನದಲ್ಲಿ ಈ ಗುಡಿ ಚರ್ಚ್ ಆಯಿತು. ಹೇಗೆ ಮಾಡಿದರು ಅನ್ನುವುದನ್ನು ನಿಧಾನವಾಗಿ ಹೇಳುತ್ತೇನೆ, ಯಾಕಂದ್ರೆ ನನಗೆ ತುಂಬಾ ಇಷ್ಟವಾದ ಭಾಗ ಇದೇ. ಗ್ರೀಕ್ ಗುಡಿಯಲ್ಲಿ ನಡುವೆ ಗೋಡೆಗಳಿರುವ ಗರ್ಭಗುಡಿ, ಸುತ್ತ ಬಯಲಿಗೆ ತೆರೆದ ಕಂಬಸಾಲು. ಜನ ಸೇರುತ್ತಿದ್ದದ್ದು ಹೊರಗೆ. ಚರ್ಚಿಗೆ ಬೇಕಾದದ್ದು ಇದರ ಉಲ್ಟಾ. ಜನ ಒಳಗೆ ಸೇರಬೇಕು. ಹಾಗಾಗಿ ಹೊರಗಿನ ಕಂಬಗಳ ನಡುವಿನ ಖಾಲಿ ಜಾಗಕ್ಕೆ ಕಲ್ಲು ಕಟ್ಟಿ ಮುಚ್ಚಿದರು. ಗರ್ಭಗುಡಿಯ ಗಟ್ಟಿ ಗೋಡೆಗಳಲ್ಲಿ ಎರಡೂ ಕಡೆ ಎಂಟೆಂಟು ಕಮಾನು ಕೊರೆದು ತೆರೆದರು. ತೆರೆದಿದ್ದದ್ದು ಮುಚ್ಚಿತು, ಮುಚ್ಚಿದ್ದದ್ದು ತೆರೆಯಿತು. ನಡುವೆ ದೊಡ್ಡ ಅಂಕಣ, ಆಚೆ ಈಚೆ ಎರಡು ಸಣ್ಣ ಅಂಕಣ, ಚರ್ಚ್ ಸಿದ್ಧ! ಗುಡಿಯ ಮುಖ ಪೂರ್ವಕ್ಕಿತ್ತು. ಚರ್ಚಿನ ಪೂಜಾಪೀಠ ಪೂರ್ವದಲ್ಲಿ ಇರಬೇಕಿತ್ತು. ಹಾಗಾಗಿ ಬಾಗಿಲು ಪಶ್ಚಿಮಕ್ಕೆ ಹೋಯಿತು. ಅಂದರೆ ಇವತ್ತು ನಾವು ಒಳಗೆ ಹೋಗುವುದು ಹಳೇ ಗುಡಿಯ ಹಿಂಬದಿಯಿಂದ.

ಮುಂದಿನದು ಚುಟುಕಾಗಿ. 878ರಲ್ಲಿ ಊರು ಅರಬರ ಕೈ ಸೇರಿತು, ಕಟ್ಟಡ ಮಸೀದಿ ಆಯಿತು. 11ನೇ ಶತಮಾನದಲ್ಲಿ ನಾರ್ಮನ್ನರು ಬಂದರು, ಮತ್ತೆ ಚರ್ಚ್. 1693ರ ಜನವರಿಯ ಭಾರೀ ಭೂಕಂಪ ಕಟ್ಟಡಕ್ಕೆ ಪೆಟ್ಟು ಕೊಟ್ಟಿತು. ಆಮೇಲೆ 18ನೇ ಶತಮಾನದಲ್ಲಿ ಆಂಡ್ರಿಯಾ ಪಾಲ್ಮ ಎಂಬ ವಾಸ್ತುಶಿಲ್ಪಿ ಬರೋಕ್ ಶೈಲಿಯ, ಅಂದರೆ ಆ ಕಾಲದ ಅಲಂಕಾರ ತುಂಬಿದ ಶೈಲಿಯ, ಹೊಸ ಮುಂಭಾಗದ ನಕ್ಷೆ ಮಾಡಿದ. ಎಲ್ಲರೂ ಫೋಟೋ ತೆಗೆಯುವುದು ಅದನ್ನೇ.

ಈಗ ಹೇಳಿ, ಇದರಲ್ಲಿ ಅಸಲಿ ಯಾವುದು? ಗುಡಿಯಾ? 7ನೇ ಶತಮಾನದ ಚರ್ಚಾ? ಬರೋಕ್ ಮುಂಭಾಗವಾ?

ನನ್ನ ಪ್ರಕಾರ ಈ ಪ್ರಶ್ನೆಯೇ ತಪ್ಪು. ತಪ್ಪು ಅಷ್ಟೇ ಅಲ್ಲ, ಕಟ್ಟಡಗಳಿಗೆ ಅಪಾಯ ಕೂಡ. ಯಾಕಂದ್ರೆ "ಅಸಲಿ" ಹುಡುಕಿಕೊಂಡು ಹೊರಟವರ ಕೈಗೆ ಬೇಗ ಉಳಿ ಬರುತ್ತದೆ.

ಇದೇ ಚರ್ಚಿನಲ್ಲಿ ಹಾಗೆ ಆಗಿದೆ. 20ನೇ ಶತಮಾನದ ಮೊದಲ ದಶಕಗಳಲ್ಲಿ ದೊಡ್ಡ ದುರಸ್ತಿ ನಡೆಯಿತು. ನಡು ಅಂಕಣದಲ್ಲಿದ್ದ ಬರೋಕ್ ಗಾರೆ ಅಲಂಕಾರವನ್ನು ಕೆರೆದು ತೆಗೆದರು. ಪುರಾತನ ಕಲ್ಲು ಕಾಣಬೇಕು ಅನ್ನುವುದೇ ಉದ್ದೇಶ. ಇವತ್ತು ಒಳಗೆ ಬರಿಗಲ್ಲಿನ ಗಂಭೀರ ಗೋಡೆ ನೋಡಿ "ಆಹಾ, ಎಷ್ಟು ಪ್ರಾಚೀನ" ಅನ್ನುತ್ತೇವೆ. ಆದರೆ ಹೀಗೆ, ಇಷ್ಟು ಬೋಳಾಗಿ ಈ ಒಳಾಂಗಣವನ್ನು ಗ್ರೀಕರೂ ನೋಡಿರಲಿಲ್ಲ. ಅವರ ಗುಡಿಯಲ್ಲಿ ಬಣ್ಣವಿತ್ತು, ಚಿತ್ರಗಳಿದ್ದವು. ಬಾಗಿಲಿನ ಮೇಲೆ ಚಿನ್ನ ಮತ್ತು ದಂತದ ಕೆಲಸವಿತ್ತು. ಅದನ್ನು ರೋಮನ್ ಅಧಿಕಾರಿ ವೆರ್ರೆಸ್ ದೋಚಿದ ಅಂತ ರೋಮಿನ ವಾಗ್ಮಿ ಸಿಸೆರೊ ಆರೋಪ ಮಾಡಿದ್ದ. ಹಾಗಾದರೆ ಈ ಬೋಳು ಗೋಡೆ ಯಾರ ಕಾಲದ್ದು? ಕೆರೆದವರ ಕಾಲದ್ದು, ಅಲ್ವಾ?

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಕೆರೆಯದೇ ಹೋಗಿದ್ದರೆ ಆ ಕಮಾನುಗಳನ್ನು ಹೇಗೆ ಕೊರೆದರು ಅನ್ನುವುದು ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ನಾನೂ ಅದನ್ನು ಮೆಚ್ಚಿ ಈಗಷ್ಟೇ ಹೇಳಿದೆ. ಲಾಭ ನಿಜ. ಆದರೆ ಹೋದ ಗಾರೆ ವಾಪಸ್ ಬರುವುದಿಲ್ಲ.

ಗಾರೆ ಅಂದರೆ ಸುಮ್ನೆ ಮೇಲಿನ ಪದರ ಅಂದುಕೊಳ್ಳುವವರು ಮಂಗಳೂರಿನ ಅಲೋಶಿಯಸ್ ಚಾಪೆಲ್ ನೆನಪಿಸಿಕೊಳ್ಳಿ. 1900ರ ಆಸುಪಾಸಿನಲ್ಲಿ ಇಟಲಿಯ ಜೆಸುಯಿಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ ಅದರ ಗೋಡೆ, ಚಾವಣಿ ತುಂಬ ಚಿತ್ರ ಬರೆದರು. ಆ ಗಾರೆ ತೆಗೆದರೆ ಅಲ್ಲಿ ಇನ್ನೇನು ಉಳಿಯುತ್ತದೆ?

ಸಿಸಿಲಿಯ ರಾಜಧಾನಿ ಪಲೆರ್ಮೊಗೆ ಬನ್ನಿ. ಅಲ್ಲಿ ಬೆಲ್ಲಿನಿ ಚೌಕದಲ್ಲಿ ಎರಡು ಚರ್ಚುಗಳು ಅಕ್ಕಪಕ್ಕ ನಿಂತಿವೆ. ಎರಡೂ 12ನೇ ಶತಮಾನದವು. ಒಂದು ಸಾನ್ ಕತಾಲ್ದೊ. ಮೂರು ಕೆಂಪು ಗುಮ್ಮಟ, ಅಚ್ಚುಕಟ್ಟಾದ ಪೆಟ್ಟಿಗೆಯಂಥ ಕಟ್ಟಡ. ಒಂದು ಕಾಲದಲ್ಲಿ ಇದು ಅಂಚೆ ಕಚೇರಿಯೂ ಆಗಿತ್ತು. 1880ರ ದಶಕದಲ್ಲಿ ಜುಸೆಪ್ಪೆ ಪತ್ರಿಕೋಲೊ ಸುತ್ತ ಅಂಟಿಕೊಂಡಿದ್ದದ್ದನ್ನೆಲ್ಲ ತೆಗೆಸಿ ಅದಕ್ಕೆ ಮಧ್ಯಯುಗದ ರೂಪ ಕೊಟ್ಟ.

ಇನ್ನೊಂದು ಮಾರ್ತೊರಾನ. ಸಿಸಿಲಿಯ ನಾರ್ಮನ್ ರಾಜ ಎರಡನೇ ರೋಜರನ ನೌಕಾಧಿಪತಿ, ಅಂತಿಯೋಕ್ಯದ ಜಾರ್ಜ್ 1143ರ ಹೊತ್ತಿಗೆ ಕಟ್ಟಿಸಿದ್ದು. ಹೊರಗೆ ಬರೋಕ್ ಮುಖ. ಒಳಗೆ ತಲೆ ಎತ್ತಿದರೆ ಚಿನ್ನದ ಮೊಸಾಯಿಕ್, ಅಂದರೆ ಪುಟ್ಟ ಪುಟ್ಟ ಚೂರು ಜೋಡಿಸಿ ಮಾಡಿದ ಚಿತ್ರಗಳು. ಒಂದು ಚಿತ್ರದಲ್ಲಿ ಕ್ರಿಸ್ತ ಸ್ವತಃ ರೋಜರನ ತಲೆಗೆ ಕಿರೀಟ ಇಡುತ್ತಿದ್ದಾನೆ. ಗುಮ್ಮಟದ ಬುಡದ ಮರದ ಪಟ್ಟಿಯಲ್ಲಿ ಕ್ರೈಸ್ತ ಪ್ರಾರ್ಥನೆ ಅರಬ್ಬಿ ಲಿಪಿಯಲ್ಲಿದೆ. ಅದೇ ಚರ್ಚಿನ ಪೀಠದ ಕಡೆ ನೋಡಿದರೆ ಮಾತ್ರ ಮೊಸಾಯಿಕ್ ಇಲ್ಲ. 1680ರ ದಶಕದಲ್ಲಿ ಇಲ್ಲಿನ ಸನ್ಯಾಸಿನಿಯರು ಹಳೆಯ ಅರ್ಧವೃತ್ತದ ಗೋಡೆ ಕೆಡವಿಸಿ ಬಣ್ಣದ ಅಮೃತಶಿಲೆಯ ಬರೋಕ್ ಪೀಠ ಕಟ್ಟಿಸಿದರು. ಅಲ್ಲಿದ್ದ ಮೊಸಾಯಿಕ್ ಹೋಯಿತು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಂತ ಆ ಪೀಠ ಕಿತ್ತು ಹಾಕಿ, ಅಂದಾಜಿನ ಮೇಲೆ ಹೊಸ ಮೊಸಾಯಿಕ್ ಅಂಟಿಸಬೇಕಾ? ಖಂಡಿತ ಬೇಡ. ಆ ಸನ್ಯಾಸಿನಿಯರೂ ಈ ಚರ್ಚಿನವರೇ. ಅವರು ಮಂಡಿಯೂರಿ ಬೇಡಿಕೊಂಡ ಪೀಠ ಅದು. ಸಾನ್ ಕತಾಲ್ದೊ ನೋಡಿ ಮೆಚ್ಚುತ್ತೇನೆ. ಆದರೆ ಮಾರ್ತೊರಾನದೊಳಗೆ ಹೋದಾಗ ಜಾಸ್ತಿ ಜನರ ಜೊತೆ ನಿಂತಂತೆ ಅನಿಸುತ್ತದೆ. ಅದು ಇಂದಿಗೂ ಸುಮ್ಮನಾಗಿಲ್ಲ. ಶತಮಾನಗಳ ಹಿಂದೆ ಅಲ್ಬೇನಿಯ ಕಡೆಯಿಂದ ಬಂದು ನೆಲೆಸಿದವರ ವಂಶದ ಕ್ಯಾಥೊಲಿಕರು ಅಲ್ಲಿ ಬೈಜಾಂಟಿನ್ ಪದ್ಧತಿಯಲ್ಲಿ, ಅಂದರೆ ಪೂರ್ವದ ಗ್ರೀಕ್ ಚರ್ಚುಗಳ ರೀತಿಯಲ್ಲಿ, ಪೂಜೆ ಮಾಡುತ್ತಾರೆ.

ಸಿರಾಕ್ಯೂಸಿಗೆ ವಾಪಸ್ ಹೋಗಿ ಮಾತು ಮುಗಿಸುತ್ತೇನೆ. ಡಿಸೆಂಬರ್ 13 ಅಲ್ಲಿ ಸಂತ ಲೂಸಿಯ ಹಬ್ಬ. ಅವಳು ಅದೇ ಊರಿನ ಹುಡುಗಿ. ಅವತ್ತು ಅವಳ ಬೆಳ್ಳಿಯ ಮೂರ್ತಿಯನ್ನು ಹೆಗಲ ಮೇಲೆ ಹೊತ್ತು, ಕೊರೆದ ಆ ಕಮಾನುಗಳ ನಡುವಿನಿಂದ, ಅಥೀನಾ ಗುಡಿಯ ಎರಡು ಕಂಬಗಳ ಪಕ್ಕದಿಂದ, ಪಾಲ್ಮನ ಬರೋಕ್ ಬಾಗಿಲಿಗೆ ತರುತ್ತಾರೆ. ಚೌಕದಲ್ಲಿ ಕಾಯುತ್ತಿರುವ ಜನ ಒಟ್ಟಿಗೆ ಕೂಗುತ್ತಾರೆ, "ಸರೌಸಾನ ಯೆ!" ಇವಳು ನಮ್ಮ ಸಿರಾಕ್ಯೂಸಿನವಳು ಅಂತ.