ಕಾವಲುಗಾರನಿಗೆ ಎಷ್ಟು ಬೀಗದ ಕೈ?

ಕೇಳುಗರಿಗೆ ನಮಸ್ಕಾರ.

ದೊಡ್ಡ ಕಂಪನಿಗಳಲ್ಲಿ ಕಂಪ್ಲೈಯನ್ಸ್ ಸಾಫ್ಟ್‌ವೇರ್ ಅಂತ ಒಂದಿರುತ್ತದೆ. ಯಾರು ಯಾವ ಫೈಲ್ ತೆರೆದರು, ಯಾವ ಕಂಪ್ಯೂಟರಿಗೆ ಅಪ್‌ಡೇಟ್ ಆಗಿಲ್ಲ, ಯಾರಿಗೆ ಏನು ಅಧಿಕಾರ ಇದೆ ಅಂತ ಲೆಕ್ಕ ಇಡುವುದು ಅದರ ಕೆಲಸ. ಅಂದರೆ ಅದು ಎಲ್ಲಾ ಕೋಣೆಗೂ ಇಣುಕಬೇಕು. ಇಣುಕುವವನಿಗೆ ಕಿಟಕಿ ಸಾಕು, ಅಲ್ವಾ? ನಾವು ತಿಜೋರಿಯ ಬೀಗದ ಕೈಯನ್ನೂ ಕೊಟ್ಟುಬಿಡುತ್ತೇವೆ.

ನಾನೇ ಕೊಟ್ಟಿದ್ದೇನೆ. ಇನ್‌ಸ್ಟಾಲ್ ಮಾಡಲು ಬಂದ ಹುಡುಗ ಸಂಜೆವರೆಗೂ ಒದ್ದಾಡಿದ. ಪರದೆ ಮೇಲೆ ಮತ್ತೆ ಮತ್ತೆ 'ಆಕ್ಸೆಸ್ ಡಿನೈಡ್'. ಕೊನೆಗೆ, "ಸಾರ್, ಈ ಸರ್ವಿಸ್ ಅಕೌಂಟನ್ನ ಡೊಮೇನ್ ಅಡ್ಮಿನ್ಸ್ ಗ್ರೂಪಿಗೆ ಸೇರಿಸಿಬಿಡಿ, ಆಮೇಲೆ ತೆಗೆದರಾಯ್ತು" ಅಂದ. ಸರ್ವಿಸ್ ಅಕೌಂಟ್ ಅಂದರೆ ಮನುಷ್ಯರಲ್ಲ, ಸಾಫ್ಟ್‌ವೇರ್ ಬಳಸುವ ಲಾಗಿನ್. ಡೊಮೇನ್ ಅಂದರೆ ಕಂಪನಿಯ ಕಂಪ್ಯೂಟರುಗಳೆಲ್ಲ ಸೇರಿದ ಜಾಲ, ಅದರ ಮೇಲೆ ಪೂರ್ತಿ ಅಧಿಕಾರ ಇರುವ ಗುಂಪೇ ಡೊಮೇನ್ ಅಡ್ಮಿನ್ಸ್. ಸೇರಿಸಿದೆ. ಎರಡೇ ನಿಮಿಷಕ್ಕೆ ಎಲ್ಲಾ ಕಡೆ ಹಸಿರು ಟಿಕ್. ಆ 'ಆಮೇಲೆ' ಬಂದಿದ್ದು ಎರಡು ವರ್ಷ ಕಳೆದು, ಆಡಿಟ್‌ನವರು ಕೇಳಿದಾಗ. ತಮಾಷೆ ಅಂದರೆ, ಅಡ್ಮಿನ್‌ಗಳು ಜಾಸ್ತಿ ಇದ್ದಾರೆ ಅಂತ ಆ ಸಾಫ್ಟ್‌ವೇರೇ ತಿಂಗಳು ತಿಂಗಳೂ ರಿಪೋರ್ಟ್ ಕಳಿಸುತ್ತಿತ್ತು. ಪಟ್ಟಿಯಲ್ಲಿ ಅದರ ಹೆಸರೂ ಇತ್ತು!

ಇದರಲ್ಲಿ ಅಪಾಯ ಏನು? ವಿಂಡೋಸ್‌ನಲ್ಲಿ ಒಂದು ಸರ್ವಿಸ್ ಯಾವ ಅಕೌಂಟಿನ ಹೆಸರಲ್ಲಿ ಓಡುತ್ತದೋ, ಅದರ ಪಾಸ್‌ವರ್ಡ್ ಆ ಕಂಪ್ಯೂಟರಿನಲ್ಲೇ ಉಳಿದಿರುತ್ತದೆ. ಆ ಒಂದು ಕಂಪ್ಯೂಟರನ್ನು ಪೂರ್ತಿ ಕೈವಶ ಮಾಡಿಕೊಂಡವನು ಅದನ್ನು ಹೊರಗೆ ತೆಗೆಯಬಹುದು. ಅದು ಡೊಮೇನ್ ಅಡ್ಮಿನ್ ಪಾಸ್‌ವರ್ಡ್ ಆಗಿದ್ದರೆ ಇಡೀ ಕಂಪನಿಯೇ ಅವನ ಕೈಗೆ ಹೋಯಿತು.

ಗೂಢಲಿಪಿಯಲ್ಲಿ ಇಟ್ಟಿದ್ದೇವಲ್ಲ ಅನ್ನುವವರು ಒಂದು ಹಳೇ ಕಥೆ ಕೇಳಬೇಕು. ವಿಂಡೋಸ್‌ನ ಗ್ರೂಪ್ ಪಾಲಿಸಿಯಲ್ಲಿ, ಅಂದರೆ ಎಲ್ಲಾ ಕಂಪ್ಯೂಟರುಗಳ ಸೆಟ್ಟಿಂಗನ್ನು ಒಂದೇ ಕಡೆಯಿಂದ ನಿಭಾಯಿಸುವ ವ್ಯವಸ್ಥೆಯಲ್ಲಿ, ಪಾಸ್‌ವರ್ಡನ್ನು ಒಂದು ಫೈಲಿನಲ್ಲಿ ಬರೆದಿಟ್ಟು ಎಲ್ಲಾ ಕಂಪ್ಯೂಟರಿಗೂ ಹಂಚುವ ಸೌಕರ್ಯ ಇತ್ತು. ಪಾಸ್‌ವರ್ಡ್ ಗೂಢಲಿಪಿಯಲ್ಲೇ ಇರುತ್ತಿತ್ತು. ಆದರೆ ಅದನ್ನು ಬಿಡಿಸುವ ಕೀಯನ್ನು ಮೈಕ್ರೋಸಾಫ್ಟೇ ತನ್ನ ದಾಖಲೆಗಳಲ್ಲಿ ಪ್ರಕಟಿಸಿತ್ತು! ಆ ಫೈಲನ್ನು ಡೊಮೇನಿನಲ್ಲಿ ಲಾಗಿನ್ ಇರುವ ಯಾರು ಬೇಕಾದರೂ ಓದಬಹುದಿತ್ತು. 2014ರ ಮೇ ತಿಂಗಳಲ್ಲಿ ಪ್ಯಾಚ್ ಬಂತು. ಅದು ಹೊಸದಾಗಿ ಬರೆದಿಡುವುದನ್ನು ತಡೆಯಿತು, ಅಷ್ಟೇ. ಮೊದಲೇ ಬರೆದಿಟ್ಟ ಫೈಲುಗಳನ್ನು ನಾವೇ ಹುಡುಕಿ ಅಳಿಸಬೇಕಿತ್ತು.

ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಕೊಡಿ ಅಂತ ಕಂಪ್ಯೂಟರ್ ವಿಜ್ಞಾನಿಗಳಾದ ಸಾಲ್ಟ್ಜರ್ ಮತ್ತು ಶ್ರೋಡರ್ 1975ರಲ್ಲೇ ಬರೆದಿದ್ದರು. ಗೊತ್ತಿಲ್ಲದ ವಿಷಯವೇನಲ್ಲ. ಸಂಜೆ ಆರು ಗಂಟೆಗೆ ಮನೆಗೆ ಹೋಗುವ ಅವಸರದಲ್ಲಿ ನೆನಪಾಗುವುದಿಲ್ಲ, ಅಷ್ಟೇ. ಪಾಸ್‌ವರ್ಡಿನ ತಲೆನೋವಿಗೆ ದಾರಿ ಇದೆ. 2012ರ ವಿಂಡೋಸ್ ಸರ್ವರ್‌ನಿಂದ ಈಚೆಗೆ ಗ್ರೂಪ್ ಮ್ಯಾನೇಜ್ಡ್ ಸರ್ವಿಸ್ ಅಕೌಂಟ್ ಅಂತ ಬಂದಿದೆ. ಪಾಸ್‌ವರ್ಡನ್ನು ಸಿಸ್ಟಮ್ಮೇ ಹುಟ್ಟಿಸುತ್ತದೆ, ನಾವು ಬೇರೆ ಹೇಳದಿದ್ದರೆ 30 ದಿನಕ್ಕೊಮ್ಮೆ ತಾನೇ ಬದಲಿಸುತ್ತದೆ. ಯಾರೂ ಅದನ್ನು ಚೀಟಿಯಲ್ಲೋ ಎಕ್ಸೆಲ್‌ನಲ್ಲೋ ಬರೆದಿಡುವ ಹಾಗಿಲ್ಲ. ಎಲ್ಲಾ ಸಾಫ್ಟ್‌ವೇರಿಗೂ ಇದು ಹೊಂದುವುದಿಲ್ಲ. ಕೊಳ್ಳುವ ಮೊದಲೇ ಕೇಳಬೇಕು.

ಆಡಿಟ್ ಮುಗಿದ ವಾರ ಆ ಅಕೌಂಟನ್ನು ಗ್ರೂಪಿನಿಂದ ತೆಗೆದೆ. ಎದೆ ಡವಡವ. ಎರಡು ರಿಪೋರ್ಟ್ ನಿಂತವು. ಕಂಪ್ಯೂಟರಿನ ದಿನಚರಿ ಓದಲು ಮಾತ್ರ ಬಿಡುವ 'ಇವೆಂಟ್ ಲಾಗ್ ರೀಡರ್ಸ್' ಅನ್ನುವ ಸಣ್ಣ ಗ್ರೂಪಿಗೆ ಸೇರಿಸಿದೆ, ಎರಡೂ ಮತ್ತೆ ಓಡಿದವು. ಆ ಹುಡುಗನಿಗೆ ಫೋನ್ ಮಾಡಿ ಹೇಳಿದೆ.

"ಹೌದು ಸಾರ್," ಅಂದ, "ಮ್ಯಾನ್ಯುಯಲ್‌ನಲ್ಲೂ ಹಾಗೇ ಇದೆ."