‘ಕ್ಲೋಸ್ ಟು ದಿ ಎಡ್ಜ್’ ಯಾಕೆ ತಡವಾಗಿ ಹಿಡಿಸುತ್ತದೆ?

ನಮಸ್ಕಾರ. ಪ್ರೋಗ್ ರಾಕ್, ಅಂದರೆ ಉದ್ದುದ್ದ, ಜಟಿಲ ಹಾಡುಗಳ ರಾಕ್ ಸಂಗೀತ. ಅದರ ಅಭಿಮಾನಿಗಳದ್ದು ಒಂದೇ ಮಾತು: "ಇನ್ನೊಂದ್ಸಲ ಕೇಳು, ಹಿಡಿಸುತ್ತೆ." ಕೆಟ್ಟ ಹಾಡಿಗೂ ಹೀಗೇ ಹೇಳಬಹುದು ಅಲ್ವಾ? ಹಾಗಾದರೆ ಕೆಲವು ಆಲ್ಬಮ್‌ಗಳು ನಿಜವಾಗಿಯೂ ನಿಧಾನಕ್ಕೆ ಹತ್ತಿರವಾಗುವುದು ಹೇಗೆ?

ಬ್ರಿಟನ್ನಿನ ಯೆಸ್ ಬ್ಯಾಂಡಿನ ‘ಕ್ಲೋಸ್ ಟು ದಿ ಎಡ್ಜ್’ ತಗೊಳ್ಳಿ. 1972ರದ್ದು. ಮೂರೇ ಹಾಡು. ಆಲ್ಬಮ್ ಹೆಸರಿನದೇ ಮೊದಲ ಹಾಡು 18 ನಿಮಿಷಕ್ಕೂ ಜಾಸ್ತಿ, ಎಲ್‌ಪಿ ರೆಕಾರ್ಡ್ ತಟ್ಟೆಯ ಒಂದು ಬದಿ ಪೂರ್ತಿ. ಗಾಯಕ ಜಾನ್ ಆಂಡರ್ಸನ್, ಗಿಟಾರ್ ಸ್ಟೀವ್ ಹೌ, ಉಳಿದವರ ಹೆಸರು ಸ್ಕ್ರೀನ್ ಮೇಲಿದೆ.

ಶುರುವಿನಲ್ಲಿ ಹಕ್ಕಿಗಳ ಚಿಲಿಪಿಲಿ, ನೀರಿನ ಸದ್ದು. ಹಿತವಾಗಿದೆ ಅನ್ನುವಷ್ಟರಲ್ಲಿ ಗಿಟಾರ್, ಬೇಸ್, ಡ್ರಮ್ಸ್ ದೆವ್ವ ಹಿಡಿದಂತೆ ಓಡುತ್ತವೆ. ಎಲ್ಲ ಗಕ್ಕನೆ ನಿಂತು, "ಆ..." ಅಂತ ಕೋರಸ್. ಮತ್ತೆ ಗದ್ದಲ. ಬಹಳ ಜನ ಆಫ್ ಮಾಡುವುದು ಇಲ್ಲೇ. ತಪ್ಪೇನಿಲ್ಲ.

ಈಗ ನನ್ನ ಅಚ್ಚುಮೆಚ್ಚಿನ ಜಾಗ. ಸ್ವಲ್ಪ ಎಳೆಯುತ್ತೇನೆ, ಬೈಯಬೇಡಿ. ಈ ಉದ್ದನೆಯ ಹಾಡು ಭಾಗ ಭಾಗವಾಗಿದೆ. ಮೊದಲ ಭಾಗದಲ್ಲಿ ‘ಐ ಗೆಟ್ ಅಪ್, ಐ ಗೆಟ್ ಡೌನ್’ ಅನ್ನುವ ಸಾಲು ಬರುತ್ತದೆ. ಸುಮ್ನೆ ಹಾದುಹೋಗುತ್ತದೆ. ಮೂರನೇ ಭಾಗದಲ್ಲಿ ಡ್ರಮ್ಸ್ ಸದ್ದಡಗುತ್ತದೆ. ಅದೇ ಸಾಲು, ಈಗ ನಿಧಾನವಾಗಿ, ಒಂದೊಂದು ಪದಕ್ಕೂ ಜಾಗ ಬಿಟ್ಟು. ಅದರ ಬೆನ್ನಿಗೇ ಪೈಪ್ ಆರ್ಗನ್ ಮೊಳಗುತ್ತದೆ. ಲಂಡನ್ನಿನ ಸೇಂಟ್ ಜೈಲ್ಸ್ ಕ್ರಿಪಲ್‌ಗೇಟ್ ಚರ್ಚಿನಲ್ಲಿ ಬ್ಯಾಂಡಿನ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ನುಡಿಸಿದ್ದು. ಕೊನೆಗೆ ಇಡೀ ಬ್ಯಾಂಡಿನ ಅಬ್ಬರದ ಮೇಲೆ ಮತ್ತೆ ಅದೇ ಸಾಲು.

ಮಾಮೂಲಿ ಹಾಡಿನ ಪಲ್ಲವಿ ಒಂದೆರಡು ನಿಮಿಷದೊಳಗೆ ವಾಪಸ್ ಬರುತ್ತದೆ, ಒಂದೇ ಸಲಕ್ಕೆ ಬಾಯಿಗೆ ಬರುತ್ತದೆ. ಇಲ್ಲಿ ಅದು ಮತ್ತೆ ಸಿಗುವಷ್ಟರಲ್ಲಿ ನಾವು ಮರೆತಿರುತ್ತೇವೆ. ಹಲವು ಸಲ ಕೇಳಿದ ಮೇಲೆ ಕಿವಿ ಮೊದಲೇ ಕಾಯುತ್ತಾ ಕೂರುತ್ತದೆ. ಮಜಾ ಇರುವುದು ಆ ಕಾಯುವುದರಲ್ಲಿ.

ಪರಿಚಯವಾದದ್ದು ಇಷ್ಟವಾಗುತ್ತದೆ ಅಂತ ಮನಶ್ಶಾಸ್ತ್ರಜ್ಞ ರಾಬರ್ಟ್ ಜಯಾನ್ಸ್ 1968ರಲ್ಲೇ ತೋರಿಸಿದ್ದರು. ಆದರೆ ಅಷ್ಟೇ ಆಗಿದ್ದರೆ ಸೋಪಿನ ಜಾಹೀರಾತೂ ನಮಗೆ ಪ್ರಾಣವಾಗಬೇಕಿತ್ತು!

ಇನ್ನೊಂದು ಸಮಾಧಾನ: ಬ್ಯಾಂಡಿನವರೇ ಇದನ್ನು ತುಂಡು ತುಂಡಾಗಿ ರೆಕಾರ್ಡ್ ಮಾಡಿದ್ದು. ರೆಕಾರ್ಡಿಂಗ್ ಎಂಜಿನಿಯರ್ ಎಡ್ಡಿ ಆಫರ್ಡ್ ಆ ಟೇಪ್ ಕತ್ತರಿಸಿ ಅಂಟಿಸಿದರು. ನಮಗೆ ಮಾತ್ರ ಒಂದೇ ಏಟಿಗೆ ಅರ್ಥವಾಗಬೇಕಾ?

ಟೈಮ್ ಆಯ್ತು, ಬೇಗ ಹೇಳಿಬಿಡುತ್ತೇನೆ. ಹೊಸಬರು ಎರಡನೇ ಬದಿಯಿಂದ ಶುರುಮಾಡಿ. ‘ಆ್ಯಂಡ್ ಯೂ ಆ್ಯಂಡ್ ಐ’ ಅಕೂಸ್ಟಿಕ್ ಗಿಟಾರಿನಿಂದ ಮೆಲ್ಲಗೆ ಶುರುವಾಗುತ್ತದೆ, ‘ಸೈಬೀರಿಯನ್ ಖತ್ರು’ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಮೊದಲ ಸಲವೇ ಹಿಡಿಸುತ್ತದೆ. ಡ್ರಮ್ಮರ್ ಬಿಲ್ ಬ್ರೂಫರ್ಡ್ ರೆಕಾರ್ಡಿಂಗ್ ಮುಗಿಸಿ ಯೆಸ್ ಬಿಟ್ಟು ಇನ್ನೊಂದು ಪ್ರೋಗ್ ಬ್ಯಾಂಡ್ ಕಿಂಗ್ ಕ್ರಿಮ್ಸನ್ ಸೇರಿದರು. ಅದಕ್ಕೆ ಬೇರೆ ವಿಡಿಯೋನೇ ಬೇಕು.